ಹಾಳೆಯ ಇನ್ನೊಂದು ಮಗ್ಗುಲು

ಪ್ರಿಂಟರ್ ಕೆಟ್ಟರೆ ಗೊತ್ತಾಗುತ್ತದೆ. ಹಾಳೆ ಸಿಕ್ಕಿಕೊಂಡರೆ ಕೆಂಪು ದೀಪ ಮಿನುಗುತ್ತದೆ, ಟೋನರ್ ಮುಗಿಯುತ್ತ ಬಂದರೆ ಅಕ್ಷರ ಮಾಸುತ್ತದೆ, ವಯರ್ ಕಳಚಿದರೆ ಏನೂ ಬರುವುದಿಲ್ಲ. ಇವೆಲ್ಲ ಬಾಯಿರುವ ತೊಂದರೆಗಳು. ಬಾಯಿಲ್ಲದ ತೊಂದರೆ ಇನ್ನೊಂದಿದೆ. ಪ್ರಿಂಟ್ ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಆದರೆ ನಿನ್ನೆಯವರೆಗೆ ಇದ್ದ ಆಯ್ಕೆಗಳು ಇವತ್ತು ಇಲ್ಲ. ‘ಎರಡೂ ಮಗ್ಗುಲು’ ಎಂಬ ಸಾಲು ಇಲ್ಲ. ಹಾಳೆಯ ಅಳತೆಗಳ ಪಟ್ಟಿ ತೆರೆದರೆ ಎ4 ಇದೆ, ಲೆಟರ್ ಇದೆ, ಅಲ್ಲಿಗೆ ಮುಗಿಯಿತು. ಟ್ರೇ ಆರಿಸುವ ಜಾಗವೇ ಮಾಯ. ಏನೋ ತಪ್ಪಾಗಿದೆ ಎಂದು ಕಂಪ್ಯೂಟರ್ ಎಲ್ಲಿಯೂ ಹೇಳುವುದಿಲ್ಲ. ಪಟ್ಟಿ ಗಿಡ್ಡವಾಗಿದೆ, ಅಷ್ಟೆ.

ಮನೆಯಲ್ಲಿ ತಿಂಗಳಿಗೊಮ್ಮೆ ರೈಲು ಟಿಕೆಟ್ಟನ್ನೋ ಮಗುವಿನ ಪ್ರಾಜೆಕ್ಟನ್ನೋ ತೆಗೆಯುವವರಿಗೆ ಇದು ಗೊತ್ತಾಗದೇ ಹೋಗಬಹುದು. ಹಾಳೆಯ ಅಳತೆಯೇ ಹೊಟ್ಟೆಪಾಡಾಗಿರುವವರಿಗೆ ಹಾಗಲ್ಲ.

ಪುಣೆಯ ಶಿವಾಜಿನಗರ ಕೋರ್ಟಿನ ಸುತ್ತಮುತ್ತ ಇರುವ ಹತ್ತಾರು ಜೆರಾಕ್ಸ್ ಅಂಗಡಿಗಳಲ್ಲಿ ಒಂದನ್ನು ನಡೆಸುವವರು ಇಂಡಿ ತಾಲೂಕಿನ ಹೆಣ್ಣುಮಗಳು. ಮದುವೆಯಾಗಿ ಬಂದು ಇಪ್ಪತ್ತು ವರ್ಷ ದಾಟಿದೆ. ಅಂಗಡಿ ಎಂದರೆ ಒಂದು ಶಟರ್, ಒಂದು ಕಂಪ್ಯೂಟರ್, ಭಿಶಿ ಎತ್ತಿದ ಹಣದಲ್ಲಿ ಕೊಂಡ ಒಂದು ಸೆಕೆಂಡ್‌ಹ್ಯಾಂಡ್ ಲೇಸರ್ ಯಂತ್ರ. ಅದೇ ಜೆರಾಕ್ಸ್, ಅದೇ ಸ್ಕ್ಯಾನರ್, ಅದೇ ಪ್ರಿಂಟರ್. ಬರುವ ಕೆಲಸವೆಲ್ಲ ಕೋರ್ಟಿನದು: ಅಫಿಡವಿಟ್, ಕರಾರುಪತ್ರ, ವಕೀಲರ ಫೈಲಿನ ಪ್ರತಿಗಳು, ಹಳ್ಳಿಯಿಂದ ಬಂದವರ ಸಾತ್‌ಬಾರಾ ಉತಾರ.

ಕೋರ್ಟಿನ ಲೋಕದಲ್ಲಿ ಹಾಳೆಯೆಂದರೆ ಬರೀ ಹಾಳೆಯಲ್ಲ. ಎ4 ಉದ್ದ 297 ಮಿಲಿಮೀಟರ್, ಲೀಗಲ್ 356. ಬಹುಕಾಲ ನಮ್ಮ ನ್ಯಾಯಾಲಯಗಳು ನಡೆದದ್ದು ಉದ್ದ ಹಾಳೆಯ ಮೇಲೆ, ಅದೂ ಒಂದೇ ಮಗ್ಗುಲಿಗೆ. ಸುಪ್ರೀಂ ಕೋರ್ಟ್ 2020ರ ಏಪ್ರಿಲ್‌ನಿಂದ ಎ4ಕ್ಕೆ ಬಂತು, ಎರಡೂ ಮಗ್ಗುಲು ಅಚ್ಚಾಗಬೇಕು ಎಂದಿತು. ಕೆಳಗಿನ ಕೋರ್ಟು ಕಚೇರಿಗಳಲ್ಲಿ ಹಳೆಯದೂ ಹೊಸದೂ ಒಟ್ಟಿಗೆ ನಡೆಯುತ್ತದೆ. ಒಬ್ಬ ಗುಮಾಸ್ತ ಉದ್ದ ಹಾಳೆ ಬೇಕೆನ್ನುತ್ತಾನೆ, ಇನ್ನೊಬ್ಬ ಎರಡು ಮಗ್ಗುಲು ಬೇಕೆನ್ನುತ್ತಾನೆ. ಮೂರನೆಯವನು ತರುವುದು ಸ್ಟಾಂಪ್ ಪೇಪರ್. ಅದೂ ಎ4ಗಿಂತ ಉದ್ದ, ಮೇಲರ್ಧ ಸರ್ಕಾರದ ಮುದ್ರೆಯ ಚಿತ್ರ, ಅಕ್ಷರ ಕೂರಬೇಕಾದದ್ದು ಅದರ ಕೆಳಗೆ. 2024ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರ ಸರ್ಕಾರ ನೂರು ಇನ್ನೂರರ ಸ್ಟಾಂಪಿನಲ್ಲಿ ನಡೆಯುತ್ತಿದ್ದ ಬಹಳಷ್ಟು ಪತ್ರಗಳಿಗೆ ಐನೂರನ್ನು ಕನಿಷ್ಠ ಮಾಡಿತು. ಅಂದರೆ ಪ್ರಿಂಟರಿನ ಬಾಯಿಗೆ ಕೊಡುವ ಆ ಒಂದು ಹಾಳೆಯ ಬೆಲೆ ಐನೂರು ರೂಪಾಯಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಭದ್ರತಾ ನವೀಕರಣಗಳು ನಿಂತವು. ದೇಶದಾದ್ಯಂತ ಸಾವಿರಾರು ಅಂಗಡಿಗಳಲ್ಲಿ ನಡೆದದ್ದೇ ಈ ಅಂಗಡಿಯಲ್ಲೂ ನಡೆಯಿತು. ಹಳೆಯ ಕಂಪ್ಯೂಟರ್ ಹೋಗಿ ವಿಂಡೋಸ್ 11 ಇರುವುದು ಬಂತು. ಕಂಪ್ಯೂಟರ್ ಕೂರಿಸಲು ಬಂದ ಹುಡುಗ ವೈಫೈ ಜೋಡಿಸಿದ, ಕಂಪ್ಯೂಟರ್ ತಾನೇ ಪ್ರಿಂಟರನ್ನು ಹುಡುಕಿಕೊಂಡಿತು, ಒಂದು ಟೆಸ್ಟ್ ಪೇಜ್ ಬಂತು, ಅವನು ಚಹಾ ಕುಡಿದು ಹೋದ.

ಮೂರನೆಯ ದಿನ ಒಂದು ಕರಾರುಪತ್ರ ಬಂತು. ಕಡತ ಲೀಗಲ್ ಅಳತೆಯದು, ಸ್ಟಾಂಪ್ ಪೇಪರ್ ಟ್ರೇಯಲ್ಲಿ ಸರಿಯಾಗಿಯೇ ಕೂತಿತ್ತು. ಆದರೆ ಕಂಪ್ಯೂಟರಿಗೆ ಲೀಗಲ್ ಎಂಬ ಹಾಳೆಯೊಂದು ಲೋಕದಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಅದು ಮರ್ಯಾದೆಯಿಂದ ಇಡೀ ಪುಟವನ್ನು ಎ4ಕ್ಕೆ ಕುಗ್ಗಿಸಿತು, ಶೇಕಡಾ 83ಕ್ಕೆ. ಅಕ್ಷರಗಳು ಸಣ್ಣಗಾದವು, ಒಂದು ಇಂಚು ಮೇಲಕ್ಕೆ ಸರಿದವು, ಮೊದಲ ನಾಲ್ಕು ಸಾಲು ಹೋಗಿ ಮುದ್ರೆಯ ಚಿತ್ರದ ಮೇಲೆ ಕೂತವು. ಹಾಳಾದ ಸ್ಟಾಂಪಿಗೆ ಹಣ ವಾಪಸು ಕೇಳುವ ದಾರಿ ಕಾನೂನಿನಲ್ಲಿ ಇದೆ; ಅರ್ಜಿ ಹಿಡಿದು ಅಲೆಯಲು ಅಂಗಡಿ ಮುಚ್ಚಬೇಕು, ಅಷ್ಟೆ. ಅವರು ಗಲ್ಲಾದಿಂದ ಐನೂರು ತೆಗೆದು ಕೊಟ್ಟರು. ಪುಟಕ್ಕೆ ಎರಡು ರೂಪಾಯಿಯ ಲೆಕ್ಕದಲ್ಲಿ ಅದು 250 ಪುಟ.

ಅದೇ ವಾರ 180 ಪುಟದ ಒಂದು ಫೈಲು ಎರಡು ಮಗ್ಗುಲಿಗೆ ಬೇಕಾಯಿತು. ಆ ಸಾಲೂ ಇಲ್ಲವಲ್ಲ. ಬೆಸ ಪುಟಗಳನ್ನು ಮೊದಲು ತೆಗೆದು, ಕಟ್ಟನ್ನು ತಿರುಗಿಸಿಟ್ಟು, ಸರಿ ಪುಟಗಳನ್ನು ಹಿಂಬದಿಗೆ ತೆಗೆಯುವ ಹಳೆಯ ಉಪಾಯ ಮಾಡಿದರು. ನಡುವೆ ಎಲ್ಲೋ ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಹೋದವು. ಅಲ್ಲಿಂದ ಮುಂದೆ ಪ್ರತಿ ಹಾಳೆಯ ಬೆನ್ನಿಗೂ ಬೇರೆ ಹಾಳೆಯ ಪುಟ. ಈ ಉಪಾಯ ಮಾಡಿ ನೋಡಿದವರಿಗೆಲ್ಲ ಆ ಹೊಟ್ಟೆಸಂಕಟ ಗೊತ್ತು.

ಹುಡುಗನನ್ನು ಕರೆಸಿದರೆ ಅವನು ಒಂದೇ ನೋಟಕ್ಕೆ ತೀರ್ಪು ಕೊಟ್ಟ. ಯಂತ್ರ ಹಳೆಯದಾಯಿತು, ಹೊಸ ವಿಂಡೋಸಿಗೆ ಹೊಂದುವುದಿಲ್ಲ, ಹೊಸದು ತೆಗೆದುಕೊಳ್ಳಿ. ಹಳೆಯದಕ್ಕೆ ಎಕ್ಸ್‌ಚೇಂಜಿನಲ್ಲಿ ಆರು ಸಾವಿರ ಕೊಡಿಸುತ್ತೇನೆ.

ಈ ತೀರ್ಪನ್ನು ದಿನವೂ ಎಷ್ಟೋ ಕಡೆ ಎಷ್ಟೋ ಜನ ಒಪ್ಪಿಕೊಳ್ಳುತ್ತಾರೆ. ಗಟ್ಟಿಮುಟ್ಟಾದ ಯಂತ್ರಗಳು ಗುಜರಿಗೆ ಹೋಗುವುದು ಹೀಗೆ. ಇವರು ಒಪ್ಪಲಿಲ್ಲ, ಅದಕ್ಕೆ ಕಾರಣ ತಂತ್ರಜ್ಞಾನದ ತಿಳಿವಳಿಕೆಯಲ್ಲ. ಬೆಳಗ್ಗೆಯಷ್ಟೇ ಅದೇ ಯಂತ್ರದ ಗಾಜಿನ ಮೇಲೆ ಕಾಗದ ಇಟ್ಟು, ಯಂತ್ರದ ಮೈಮೇಲಿನ ಗುಂಡಿಗಳನ್ನೇ ಒತ್ತಿ, ಎರಡೂ ಮಗ್ಗುಲಿನ ಜೆರಾಕ್ಸ್ ತೆಗೆದಿದ್ದರು. ಲೀಗಲ್ ಹಾಳೆಯ ಜೆರಾಕ್ಸೂ ಬಂದಿತ್ತು. ಹುಬ್ಬಳ್ಳಿಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುವ ಅಣ್ಣನ ಮಗನಿಗೆ ಫೋನ್ ಹಚ್ಚಿ ಅವರು ಹೇಳಿದ ಮಾತು ಯಾವ ಕೈಪಿಡಿಗಿಂತಲೂ ಸ್ಪಷ್ಟವಾಗಿದೆ:

“ಅದಕ್ಕ ಮಾಡಾಕ ಬರತೈತಿ. ಇದಕ್ಕ ಕೇಳಾಕ ಬರವಲ್ದು.”

ಪ್ರಿಂಟರಿನ ಆಯ್ಕೆಗಳು ಕಾಣೆಯಾಗುವುದು ಎಂದರೆ ಇದೇ. ಎರಡು ಮಗ್ಗುಲು ತಿರುಗಿಸುವ ರೋಲರುಗಳು ಯಂತ್ರದ ಹೊಟ್ಟೆಯಲ್ಲಿ ನಿನ್ನೆ ಇದ್ದಂತೆಯೇ ಇವೆ. ಅವನ್ನು ತಿರುಗಿಸು ಎಂದು ಹೇಳುವ ಮಾತು ಮಾತ್ರ ಕಂಪ್ಯೂಟರಿನ ಬಳಿ ಇಲ್ಲ. ಆ ಮಾತುಗಳನ್ನು ಇಟ್ಟುಕೊಂಡಿರುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಹೆಸರು ಕೇಳಿದರೆ ಯಂತ್ರವನ್ನು ಓಡಿಸುವವನು ಅನ್ನಿಸುತ್ತದೆ. ನಿಜದಲ್ಲಿ ಅದು ದುಭಾಷಿ. ಹಿಂದೆ ಮದ್ರಾಸಿನಲ್ಲಿ, ಪುದುಚೇರಿಯಲ್ಲಿ ಐರೋಪ್ಯ ಕಂಪನಿಗಳಿಗೆ ದುಭಾಷಿಗಳಿದ್ದರಲ್ಲ, ಹಾಗೆ. ಡೂಪ್ಲೆಯ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೆಯಂಥವರ ಬೆಲೆ ಇದ್ದದ್ದು ಎರಡು ಭಾಷೆ ಬರುತ್ತದೆ ಎಂಬುದರಲ್ಲಿ ಮಾತ್ರವಲ್ಲ; ಈ ಕಡೆಯವರ ಬಳಿ ಏನೇನು ಸಿಗುತ್ತದೆ, ಏನನ್ನು ಹೇಗೆ ಕೇಳಬೇಕು ಎಂದು ತಿಳಿದಿದ್ದರಲ್ಲಿ.

ಮೊದಲು ಈ ದುಭಾಷಿಗಳೂ ಒಬ್ಬೊಬ್ಬರ ಮನೆಯಲ್ಲಿ ಒಬ್ಬೊಬ್ಬರಿದ್ದರು. ಡಾಸ್ ಕಾಲದಲ್ಲಿ ಪತ್ರ ಬರೆಯುವ ತಂತ್ರಾಂಶಕ್ಕೆ ತನ್ನದೇ ಡ್ರೈವರ್, ಲೆಕ್ಕದ ತಂತ್ರಾಂಶಕ್ಕೆ ತನ್ನದೇ. ವಿಂಡೋಸ್ ಬಂದ ಮೇಲೆ ಒಂದೇ ಡ್ರೈವರ್ ಎಲ್ಲ ತಂತ್ರಾಂಶಗಳಿಗೂ ಸಾಕಾಯಿತು. ಕನ್ನಡಕ್ಕೆ ಆಗ ಇನ್ನೊಂದು ಪೀಕಲಾಟವಿತ್ತು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಸ್ಮರಣೆಯಲ್ಲಿ ಅಚ್ಚು ತುಂಬಿಟ್ಟಿದ್ದದ್ದು ರೋಮನ್ ಅಕ್ಷರಗಳನ್ನು. ‘ಕ’ ಎಂದರೆ ಅದಕ್ಕೆ ಏನೂ ಅರ್ಥವಾಗುತ್ತಿರಲಿಲ್ಲ. ಕನ್ನಡವನ್ನು ಅಕ್ಷರವಾಗಿ ಅಲ್ಲ, ಚಿತ್ರವಾಗಿ, ಚುಕ್ಕಿ ಚುಕ್ಕಿಯಾಗಿ ಕಳಿಸಬೇಕಿತ್ತು. ಇದೇ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಭಾರತೀಯ ಲಿಪಿಗಳಿಗೆ ಕಂಪ್ಯೂಟರಿನಲ್ಲಿ ಜಾಗ ಮಾಡಿಕೊಟ್ಟದ್ದು ಆ ಕಾಲದಲ್ಲೇ. ಪ್ರಿಂಟರಿನಿಂದ ಕನ್ನಡ ಹೊರಬಂದಾಗಲೆಲ್ಲ ನಡುವೆ ಯಾರೋ ಒಬ್ಬರು ಅದನ್ನು ಚುಕ್ಕಿಗಳಿಗೆ ಅನುವಾದಿಸಿದ್ದರು ಎಂದೇ ಅರ್ಥ.

ಈಗ ನಡೆಯುತ್ತಿರುವುದು ಬೇರೆ. ಹಳೆಯ ಪದ್ಧತಿಯಲ್ಲಿ ಪ್ರಿಂಟರ್ ತಯಾರಿಸಿದ ಕಂಪನಿಯೇ ಡ್ರೈವರನ್ನೂ ಬರೆದುಕೊಡುತ್ತದೆ. ಈ ಮಾದರಿಗೆ ಎಷ್ಟು ಟ್ರೇ, ಯಾವ ಅಳತೆಗಳು, ಎರಡು ಮಗ್ಗುಲು ಉಂಟೋ ಇಲ್ಲವೋ ಎಂಬ ಪಟ್ಟಿ ಅದರೊಳಗೇ ಇರುತ್ತದೆ. ಪೋಸ್ಟ್‌ಸ್ಕ್ರಿಪ್ಟ್ ಪ್ರಿಂಟರುಗಳಿಗಂತೂ ಇದು ಪಿಪಿಡಿ ಎಂಬ ಸಾದಾ ಪಠ್ಯದ ಕಡತ. ನೋಟ್‌ಪ್ಯಾಡಿನಲ್ಲಿ ತೆರೆದರೆ ಮನುಷ್ಯರೂ ಓದಬಹುದು. ಪರದೆಯ ಮೇಲಿನ ಕಿಟಕಿ ಪ್ರಿಂಟರನ್ನು ನೋಡಿ ಬರೆದದ್ದಲ್ಲ, ಈ ಪಟ್ಟಿಯನ್ನು ನೋಡಿ ಬರೆದದ್ದು. ಹೊಸ ಪದ್ಧತಿಯಲ್ಲಿ ಪ್ರತಿ ಮಾದರಿಗೂ ಬೇರೆ ಡ್ರೈವರ್ ಬೇಡ. ಎಲ್ಲ ಪ್ರಿಂಟರುಗಳಿಗೂ ಅರ್ಥವಾಗುವ ಐಪಿಪಿ ಎಂಬ ಸಮಾನ ಭಾಷೆ ಇದೆ, ಅದನ್ನಾಡುವ ಒಂದೇ ಸಾಮಾನ್ಯ ಡ್ರೈವರ್ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತದೆ. ವಿಂಡೋಸಿನಲ್ಲಿ ಅದರ ಹೆಸರು ಮೈಕ್ರೋಸಾಫ್ಟ್ ಐಪಿಪಿ ಕ್ಲಾಸ್ ಡ್ರೈವರ್. ಅದು ಪ್ರಿಂಟರನ್ನೇ ಕೇಳುತ್ತದೆ: ನಿನಗೆ ಏನೇನು ಬರುತ್ತದೆ? ಪ್ರಿಂಟರ್ ಹೇಳಿದ್ದೇ ಪಟ್ಟಿ. ಫೋನಿನಿಂದ ಏನನ್ನೂ ಹಾಕಿಕೊಳ್ಳದೆ ಪ್ರಿಂಟ್ ತೆಗೆಯಲು ಸಾಧ್ಯವಾಗಿರುವುದು ಇಂಥ ಏರ್ಪಾಡಿನಿಂದಲೇ. 2010ರಲ್ಲಿ ಆಪಲ್ ತಂದ ಏರ್‌ಪ್ರಿಂಟ್ ಇದೇ ದಾರಿಯದು.

ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾರ್ಕೆಟ್ಟಿನ ಹಿಂದಿ ಎಂಬುದೊಂದಿದೆ. ಕಿತ್ನಾ, ಕಮ್ ಕರೋ, ಕಲ್ ಆನಾ. ಇಷ್ಟರಲ್ಲಿ ತರಕಾರಿ ಬರುತ್ತದೆ, ಆಟೋ ಬರುತ್ತದೆ, ಗ್ಯಾಸ್ ಸಿಲಿಂಡರ್ ಬರುತ್ತದೆ. ಭಾಷಾವಿಜ್ಞಾನದಲ್ಲಿ ಇಂಥ ತುಂಡು ಭಾಷೆಗೆ ಪಿಜಿನ್ ಎನ್ನುತ್ತಾರೆ. ಹೀನಾಯವೇನಿಲ್ಲ, ಮಹಾನಗರಗಳು ನಡೆಯುವುದೇ ಅದರ ಮೇಲೆ. ಆದರೆ ಆ ಹಿಂದಿಯಲ್ಲಿ ಮಾತ್ರ ನಮ್ಮನ್ನು ಕೇಳಿದವರಿಗೆ, ಇಷ್ಟು ಬಿಟ್ಟರೆ ಇವರ ಬಳಿ ಹೇಳಲು ಏನೂ ಇಲ್ಲ ಎನ್ನಿಸಬಹುದು. ಮನೆಯಲ್ಲಿ ಇಡೀ ಗರತಿಯ ಹಾಡು ಬಾಯಿಪಾಠ ಇರುವ ಹೆಂಗಸು ಸೊಸೈಟಿಯ ಮೀಟಿಂಗಿನಲ್ಲಿ ‘ಹಾಂ ಜೀ’ ಎನ್ನುವಷ್ಟಕ್ಕೆ ಮುಗಿಯುತ್ತಾಳೆ.

ಸಾಮಾನ್ಯ ಡ್ರೈವರಿನ ನಿಜವಾದ ತೊಂದರೆ ಇನ್ನೂ ಮುಂದಿದೆ. ಅದು ‘ನಿನಗೆ ಏನೇನು ಬರುತ್ತದೆ’ ಎಂದು ಕೇಳಿದ ಹೊತ್ತಿಗೆ ಸರಿಯಾಗಿ ವೈಫೈ ಒಂದು ಗಳಿಗೆ ಕೈಕೊಟ್ಟರೆ? ಉತ್ತರ ಬರುವುದಿಲ್ಲ. ಉತ್ತರ ಬರಲಿಲ್ಲ ಎಂದು ಹೇಳಿ ನಿಲ್ಲಬಹುದು. ಹಾಗೆ ಮಾಡದೆ, ಯಾವ ಪ್ರಿಂಟರಿಗಾದರೂ ಇರಲೇಬೇಕಾದ ಕನಿಷ್ಠ ಪಟ್ಟಿಯೊಂದನ್ನು ತಾನೇ ಹಾಕಿಕೊಂಡು ಮುಂದೆ ಹೋಗುತ್ತದೆ. 2022ರಲ್ಲಿ ಆದದ್ದು ಇದೇ. ವಿಂಡೋಸ್ 11ರ 22ಎಚ್2 ಆವೃತ್ತಿ ಬಿಡುಗಡೆಯಾದ ಸೆಪ್ಟೆಂಬರಿನಲ್ಲೇ ಮೈಕ್ರೋಸಾಫ್ಟ್ ಇದನ್ನು ಒಪ್ಪಿಕೊಂಡಿತು: ಸಂಪರ್ಕ ತಪ್ಪಿದ್ದಾಗ ಸೇರಿಸಿದ ಪ್ರಿಂಟರುಗಳು ಡೀಫಾಲ್ಟ್ ಸೆಟ್ಟಿಂಗಿನಲ್ಲೇ ಉಳಿದುಬಿಡುತ್ತವೆ, ಬಣ್ಣ, ಎರಡು ಮಗ್ಗುಲು, ಹಾಳೆಯ ಅಳತೆ ಮತ್ತು ಬಗೆ, ಹೆಚ್ಚಿನ ರೆಸಲ್ಯೂಶನ್ ಇವು ಕಾಣದೇ ಹೋಗಬಹುದು. ಅಂಥ ಪ್ರಿಂಟರ್ ಇರುವ ಕಂಪ್ಯೂಟರುಗಳಿಗೆ ಆ ಆವೃತ್ತಿಯನ್ನೇ ಕೆಲಕಾಲ ತಡೆಹಿಡಿದರು, ಆಮೇಲೆ ಸರಿಪಡಿಸುವ ತಂತ್ರಾಂಶ ಕಳಿಸಿದರು.

ಡ್ರೈವರುಗಳ ವಿಷಯದಲ್ಲಿ ಮೈಕ್ರೋಸಾಫ್ಟ್ ಬಿಗಿಯಾದದ್ದಕ್ಕೆ ಕಾರಣವಿದೆ. 2021ರಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ದೊಡ್ಡ ಕಂಡಿಯೊಂದು ಬಯಲಾಯಿತು. ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿ ನಿಲ್ಲಿಸುವ ಸ್ಪೂಲರ್ ಎಂಬ ಸೇವೆಯ ಮೂಲಕ, ಡ್ರೈವರ್ ಹಾಕುವ ನೆಪದಲ್ಲಿ, ಹೊರಗಿನವರು ಇಡೀ ಕಂಪ್ಯೂಟರನ್ನೇ ವಶಕ್ಕೆ ತೆಗೆದುಕೊಳ್ಳಬಹುದಿತ್ತು. 2023ರ ಸೆಪ್ಟೆಂಬರಿನಲ್ಲಿ, ತಯಾರಕರ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತ ಹಂತವಾಗಿ ನಿಲ್ಲಿಸುತ್ತೇವೆ ಎಂದು ಪ್ರಕಟಿಸಿದರು. ಆಮೇಲಿನ 24ಎಚ್2 ಆವೃತ್ತಿಯಲ್ಲಿ ‘ಪ್ರೊಟೆಕ್ಟೆಡ್ ಪ್ರಿಂಟ್’ ಎಂಬ ಒಂದು ಗುಂಡಿಯೇ ಬಂತು. ಅದನ್ನು ಒತ್ತಿದರೆ ತಯಾರಕರ ಡ್ರೈವರುಗಳೆಲ್ಲ ಹೋಗಿ ಸಾಮಾನ್ಯದ್ದೊಂದೇ ಉಳಿಯುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಇದು ತಪ್ಪು ದಾರಿಯಲ್ಲ. ಸಿಕ್ಕಸಿಕ್ಕ ದುಭಾಷಿಗಳನ್ನೆಲ್ಲ ಮನೆಯೊಳಗೆ ಬಿಟ್ಟುಕೊಳ್ಳುವುದಕ್ಕಿಂತ ನಂಬಿಕೆಯ ಒಬ್ಬನನ್ನು ಇಟ್ಟುಕೊಳ್ಳುವುದು ಮೇಲು. ಆದರೆ ಅನುವಾದದ ಕೆಲಸದಲ್ಲಿ ಒಂದು ಸಣ್ಣ ನಿಯಮವಿದೆ: ಮೂಲದ ಒಂದು ಪದ ಗೊತ್ತಾಗದಿದ್ದರೆ ಅಲ್ಲೊಂದು ಗುರುತು ಹಾಕಬೇಕು. ಗೊತ್ತಾಗದ ಪದವನ್ನು ಸದ್ದಿಲ್ಲದೆ ಬಿಟ್ಟು ವಾಕ್ಯವನ್ನು ನಯವಾಗಿ ಮುಗಿಸಿದರೆ, ಆ ಪದ ಮೂಲದಲ್ಲೇ ಇರಲಿಲ್ಲವೆಂದು ಓದುವವರು ತಿಳಿಯುತ್ತಾರೆ. ಕಿಟಕಿಯಲ್ಲಿ ಒಂದೇ ಒಂದು ಸಾಲು ಇದ್ದಿದ್ದರೆ ಸಾಕಿತ್ತು: ‘ಪ್ರಿಂಟರನ್ನು ಕೇಳಿದೆ, ಉತ್ತರ ಬರಲಿಲ್ಲ, ಇದು ನನ್ನ ಊಹೆಯ ಪಟ್ಟಿ.’ ಆ ಒಂದು ಸಾಲಿನ ಬೆಲೆ ಈ ಅಂಗಡಿಯಲ್ಲಿ ಐನೂರು ರೂಪಾಯಿ. ಸ್ವಲ್ಪದರಲ್ಲಿ ಇಡೀ ಯಂತ್ರವೇ ಹೋಗುತ್ತಿತ್ತು.

ಪ್ರಿಂಟರಿನ ಮಾತು ಯಾರ ಕೈಯಲ್ಲಿರಬೇಕು ಎಂಬ ಜಗಳ ಹಳೆಯದು. 1980ರ ಹೊತ್ತಿಗೆ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯಿಂದ ಹೊಸ ಲೇಸರ್ ಪ್ರಿಂಟರ್ ಬಂತು. ಹಾಳೆ ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್ಮನ್ ಹಿಂದಿನ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿ, ತೊಂದರೆಯಾದರೆ ಕಾಯುತ್ತಿರುವವರ ಪರದೆಗೇ ಸುದ್ದಿ ಹೋಗುವಂತೆ ಮಾಡಿದ್ದರು. ಹೊಸದಕ್ಕೂ ಹಾಗೆ ಮಾಡೋಣವೆಂದರೆ ಅದರ ಮೂಲ ಬರಹವನ್ನು ಕೊಟ್ಟಿರಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅದಿದ್ದ ಒಬ್ಬರನ್ನು ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಬರೆದುಕೊಟ್ಟಿದ್ದೇನೆ ಎಂದರು. ಆ ಸಿಟ್ಟು ಒಳಗೇ ಉಳಿಯಿತು. 1983ರ ಸೆಪ್ಟೆಂಬರಿನಲ್ಲಿ ಸ್ಟಾಲ್ಮನ್ ಗ್ನು ಯೋಜನೆಯನ್ನು ಪ್ರಕಟಿಸಿದರು. ಸ್ವತಂತ್ರ ತಂತ್ರಾಂಶದ ಚಳವಳಿ ಬೆಳೆದದ್ದು ಅದರಿಂದ. ಅವರು ಆ ಪ್ರಿಂಟರಿನಿಂದ ಬಯಸಿದ್ದು ಹೆಚ್ಚೇನಲ್ಲ. ಹಾಳೆ ಸಿಕ್ಕಿಕೊಂಡರೆ, ಸಿಕ್ಕಿಕೊಂಡಿದೆ ಎಂದು ಹೇಳಲಿ, ಅಷ್ಟೆ.

ಶಿವಾಜಿನಗರದ ಅಂಗಡಿಯ ದುರಸ್ತಿ ಫೋನಿನಲ್ಲೇ ನಡೆಯಿತು, ಗಿರಾಕಿಗಳ ನಡುವೆ, ಎರಡು ಮಧ್ಯಾಹ್ನ.

“ಅತ್ತಿ, ಮೊದಲ ಪ್ರಿಂಟರ್ ಪ್ರಾಪರ್ಟೀಸ್ ತಗಿ. ಅಡ್ವಾನ್ಸ್ಡ್ ಅಂತ ಐತಿ ನೋಡು. ಅದರಾಗ ಡ್ರೈವರ್ ಅಂದಲ್ಲಿ ಏನ್ ಬರದೈತಿ?”

“ನಮ್ಮ ಮಷೀನಿನ ಹೆಸರ ಇಲ್ಲೋ ಯಪ್ಪಾ. ಮೈಕ್ರೋಸಾಫ್ಟ್ ಐಪಿಪಿ ಅಂತೈತಿ.”

“ಸಿಕ್ತು ಬಿಡು.”

ಅರ್ಧ ರೋಗನಿರ್ಣಯ ಅಲ್ಲಿಗೇ ಮುಗಿಯುತ್ತದೆ. ಡ್ರೈವರಿನ ಜಾಗದಲ್ಲಿ ಯಂತ್ರದ ಮಾದರಿಯ ಹೆಸರಿದ್ದರೆ ಅದು ತಯಾರಕರದು. ಆಗ ಹುಡುಕಬೇಕಾದ ಜಾಗ ಬೇರೆ: ‘ಡಿವೈಸ್ ಸೆಟ್ಟಿಂಗ್ಸ್’ ಎಂಬ ಹಾಳೆಯಲ್ಲಿ ಡ್ಯುಪ್ಲೆಕ್ಸ್ ಯುನಿಟ್ ಎದುರು ‘ನಾಟ್ ಇನ್‌ಸ್ಟಾಲ್ಡ್’ ಎಂದು ಬರೆದಿರಬಹುದು. ಎರಡು ಮಗ್ಗುಲಿನ ಭಾಗವನ್ನು ಬೇರೆಯಾಗಿ ಕೊಂಡು ಸೇರಿಸುವ ಮಾದರಿಗಳಿರುತ್ತವೆ, ಡ್ರೈವರ್ ಅದು ಇಲ್ಲವೆಂದೇ ಹಿಡಿದು ಹೊರಡುತ್ತದೆ. ಅಲ್ಲಿ ‘ಇದೆ’ ಎಂದು ಬದಲಿಸಿದರೆ ಸಾಲು ಮರಳುತ್ತದೆ. ಮಾದರಿಯ ಹೆಸರಿಲ್ಲದೆ ಐಪಿಪಿ ಎಂದೋ ಬರೀ ‘ಜೆನೆರಿಕ್’ ಎಂದೋ ಇದ್ದರೆ ದುಭಾಷಿಯೇ ಬದಲಾಗಿದ್ದಾನೆ.

ಮೊದಲ ಮಧ್ಯಾಹ್ನ ಅವರು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಪ್ರಿಂಟರನ್ನು ತೆಗೆದುಹಾಕಿ ಮತ್ತೆ ಸೇರಿಸಿದರು. ಯಂತ್ರ ಅಂಗಡಿಯ ಹಿಂದಿನ ಮೂಲೆಯಲ್ಲಿ, ರೌಟರ್ ಮುಂದೆ ಶಟರಿನ ಪಕ್ಕ, ನಡುವೆ ಕಬ್ಬಿಣದ ಕಪಾಟು. ಕಂಪ್ಯೂಟರ್ ಮತ್ತೆ ತಾನೇ ಹುಡುಕಿತು, ಮತ್ತೆ ಅದೇ ಸಾಮಾನ್ಯ ಡ್ರೈವರ್ ಹಾಕಿಕೊಂಡಿತು, ಮತ್ತೆ ಅದೇ ಗಿಡ್ಡ ಪಟ್ಟಿ. ಇಲ್ಲಿಗೇ ಬಹಳ ಜನ ಸೋತು ಕೂರುತ್ತಾರೆ, ಅಥವಾ ಇದನ್ನೇ ಮೂರು ಸಲ ಮಾಡುತ್ತಾರೆ.

ಎರಡನೆಯ ಮಧ್ಯಾಹ್ನ ಹುಡುಗ ಬೇರೆ ದಾರಿ ಹಿಡಿಸಿದ. ಯಂತ್ರದ ಮೆನುವಿನಿಂದಲೇ ಕಾನ್ಫಿಗರೇಶನ್ ಪೇಜ್ ತೆಗೆಸಿದ. ಅದರಲ್ಲಿ ಯಂತ್ರ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತದೆ: ಮಾದರಿ, ಟ್ರೇಗಳು, ನೆಟ್‌ವರ್ಕಿನಲ್ಲಿ ತನ್ನ ಐಪಿ ವಿಳಾಸ. ಆ ಪುಟದಲ್ಲಿ ‘ಡ್ಯುಪ್ಲೆಕ್ಸ್’ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಅವರು ಅದನ್ನು ಜೋರಾಗಿ ಓದಿ ಹೇಳಿದರಂತೆ. ಆಮೇಲೆ ತಯಾರಕರ ಜಾಲತಾಣದಿಂದ ಅದೇ ಮಾದರಿಯ ಪೂರ್ತಿ ಡ್ರೈವರ್ ಇಳಿಸಿದರು. ‘ಪ್ರಿಂಟರ್ ಸೇರಿಸು’ ಎಂಬಲ್ಲಿ ಕಂಪ್ಯೂಟರ್ ತಾನಾಗಿ ಹುಡುಕಿ ತೋರಿಸಿದ್ದನ್ನು ಮುಟ್ಟದೆ, ‘ನಾನೇ ಸೇರಿಸುತ್ತೇನೆ’ ಎಂಬ ದಾರಿಗೆ ಹೋಗಿ, ಟಿಸಿಪಿ/ಐಪಿ ವಿಳಾಸ ಬರೆದು, ಪಟ್ಟಿಯಿಂದ ಹೊಸ ಡ್ರೈವರನ್ನು ಕೈಯಾರೆ ಆರಿಸಿದರು. ರೌಟರ್ ನಾಳೆ ಯಂತ್ರಕ್ಕೆ ಬೇರೆ ವಿಳಾಸ ಕೊಟ್ಟುಬಿಟ್ಟರೆ ಮತ್ತೆ ಗೋಳು. ಅದಕ್ಕಾಗಿ ಆ ವಿಳಾಸವನ್ನು ರೌಟರಿನಲ್ಲಿ ಇದೇ ಯಂತ್ರಕ್ಕೆ ಕಾಯ್ದಿರಿಸಿದರು. ಕಡೆಯದಾಗಿ ಹಳೆಯ ಅರೆಬರೆ ಪ್ರಿಂಟರನ್ನು ಅಳಿಸಿದರು. ಎರಡೂ ಉಳಿದರೆ ಕೈ ತಪ್ಪಿ ಅದನ್ನೇ ಒತ್ತುವುದು ಖಂಡಿತ.

ಕಿಟಕಿ ತೆರೆದಾಗ ಲೀಗಲ್ ಇತ್ತು. ಎರಡು ಮಗ್ಗುಲು ಇತ್ತು, ಉದ್ದ ಅಂಚಿಗೆ ತಿರುಗಿಸುವುದೋ ಗಿಡ್ಡ ಅಂಚಿಗೋ ಎಂಬ ಪ್ರಶ್ನೆ ಸಮೇತ. ಆದರೆ ಒಂದು ಕೊರೆ ಉಳಿಯಿತು. ಪ್ರತಿ ಸಲವೂ ಲೀಗಲ್ ಎಂದು ಆರಿಸಬೇಕು, ಮರುದಿನ ಬೆಳಗ್ಗೆ ಅದು ಮತ್ತೆ ಎ4. ಇದು ಡ್ರೈವರಿನ ದೋಷವಲ್ಲ. ತಂತ್ರಾಂಶದೊಳಗಿನ ಪ್ರಿಂಟ್ ಕಿಟಕಿಯಲ್ಲಿ ಆರಿಸಿದ್ದು ಆ ಹೊತ್ತಿಗೆ ಮಾತ್ರ. ಪ್ರಿಂಟರಿನ ಮೇಲೆಯೇ ಒತ್ತಿ ‘ಪ್ರಿಂಟಿಂಗ್ ಪ್ರಿಫರೆನ್ಸಸ್’ನಲ್ಲಿ ಆರಿಸಿದ್ದು ಆ ಬಳಕೆದಾರರಿಗೆ ಕಾಯಂ. ಎಲ್ಲರಿಗೂ ಅನ್ವಯಿಸುವ ‘ಪ್ರಿಂಟಿಂಗ್ ಡೀಫಾಲ್ಟ್ಸ್’ ಇನ್ನೊಂದಿದೆ, ಅಡ್ವಾನ್ಸ್ಡ್ ಹಾಳೆಯೊಳಗೆ. ಮೂರು ಕಡೆ ಒಂದೇ ಥರದ ಕಿಟಕಿ. ಇದನ್ನು ಹೀಗೆ ಮಾಡಿದವರಿಗೆ ಯಾವ ಜೆರಾಕ್ಸ್ ಅಂಗಡಿಯ ಪರಿಚಯವೂ ಇರಲಿಲ್ಲವೆಂದು ಧಾರಾಳವಾಗಿ ಹೇಳಬಹುದು. ಅಣ್ಣನ ಮಗ ಸುಲಭದ ಉಪಾಯ ಹೇಳಿಕೊಟ್ಟ. ಒಂದೇ ಯಂತ್ರವನ್ನು ಎರಡು ಹೆಸರಿನಲ್ಲಿ ಎರಡು ಸಲ ಸೇರಿಸಿ, ಒಂದನ್ನು ಎ4 ಎರಡು ಮಗ್ಗುಲಿಗೆ, ಇನ್ನೊಂದನ್ನು ಲೀಗಲ್ ಒಂದು ಮಗ್ಗುಲಿಗೆ ಕಾಯಂ ಮಾಡುವುದು. ಈಗ ಕಂಪ್ಯೂಟರಿನಲ್ಲಿ ‘ಫೈಲ್’ ಎಂಬ ಪ್ರಿಂಟರ್ ಒಂದು, ‘ಸ್ಟಾಂಪ್’ ಎಂಬ ಪ್ರಿಂಟರ್ ಒಂದು. ಮೂಲೆಯಲ್ಲಿರುವ ಯಂತ್ರ ಒಂದೇ.

ಎಕ್ಸ್‌ಚೇಂಜಿನ ಹುಡುಗ ಆಮೇಲೆ ಒಮ್ಮೆ ಬಂದಾಗ ನೋಡಿ, ‘ಹೇ ಕಸಂ ಝಾಲಂ?’ ಎಂದು ಕೇಳಿ, ವಿಳಾಸ ಬರೆಯುವ ಕಿಟಕಿಯ ಫೋಟೋ ತೆಗೆದುಕೊಂಡು ಹೋದ.

ಯಂತ್ರದ ಪಕ್ಕೆಗೆ ಒಂದು ಹಾಳೆ ಅಂಟಿದೆ. ಕನ್ನಡದಲ್ಲಿ ಮೂರು ಸಾಲು: ಡ್ರೈವರಿನ ಪೂರ್ತಿ ಹೆಸರು, ಐಪಿ ವಿಳಾಸ, ‘ತಾನ ಹುಡಿಕಿದ್ರ ಬ್ಯಾಡ ಅನ್ನು’. ಮಧ್ಯಾಹ್ನ ಅಂಗಡಿ ನೋಡಿಕೊಳ್ಳುವ ಹುಡುಗಿ ಮರಾಠಿಯವಳು, ಅವಳಿಗಾಗಿ ಅದರ ಕೆಳಗೆ ದೇವನಾಗರಿಯಲ್ಲಿ ಅದೇ ಮೂರು ಸಾಲು. ಮೂರನೆಯದನ್ನು ಮರಾಠಿಯಲ್ಲಿ ಎರಡು ಸಲ ಬರೆದು ಹೊಡೆದುಹಾಕಿದ್ದಾರೆ, ಮೂರನೆಯ ಸಲ ಬರೆದದ್ದು ಉಳಿದಿದೆ.